ಬೆಟ್ಟದ ಸಾಕ್ಷಿ

ಅಬ್ರಹಾಂ ಗಾಟ್ಲೋಬ್ ವರ್ನರ್ ಹೆಚ್ಚು ಬರೆದವನಲ್ಲ, ಹೆಚ್ಚು ಊರು ಸುತ್ತಿದವನೂ ಅಲ್ಲ. ಸ್ಯಾಕ್ಸನಿಯ ಫ್ರೈಬರ್ಗ್ ಎಂಬ ಗಣಿಪಟ್ಟಣದ ಅಕಾಡೆಮಿಯಲ್ಲಿ 1775ರಿಂದ ನಲವತ್ತು ವರ್ಷ ಪಾಠ ಹೇಳಿದ. ಆ ಪಾಠ ಕೇಳಲು ಯುರೋಪಿನ ನಾನಾ ಕಡೆಯಿಂದ ಹುಡುಗರು ಬಂದರು. ಕಲ್ಲನ್ನು ಕೈಗೆತ್ತಿಕೊಂಡು ಬಣ್ಣ, ಹೊಳಪು, ತೂಕ, ಗಡಸುತನ, ಒಡೆದಾಗ ಕಾಣುವ ಮೈ ಇವುಗಳಿಂದ ಅದರ ಕುಲಗೋತ್ರ ಹೇಳುವುದನ್ನು ಅವನು ಕಲಿಸುತ್ತಿದ್ದ. ಪದರದ ಮೇಲೆ ಪದರ ಕೂತಿರುವ ಕ್ರಮದಲ್ಲೇ ಭೂಮಿಯ ಚರಿತ್ರೆ ಇದೆಯೆಂದು ತೋರಿಸುತ್ತಿದ್ದ. 1790ರಲ್ಲಿ ಅಲ್ಲಿಗೆ ಹದಿನಾರು ವರ್ಷದ ಒಬ್ಬ ಹುಡುಗ ಬಂದ. ಪ್ರಷ್ಯಾದ ಓಡರ್ ನದಿಯ ಸೀಮೆಯ ಸ್ಟೋಲ್ಪೆ ಎಂಬಲ್ಲಿನ ಜಮೀನ್ದಾರಿ ಮನೆತನದವನು. ಹೆಸರು ಲಿಯೋಪೋಲ್ಡ್ ಫಾನ್ ಬುಖ್. ವರ್ನರ್ ಅವನನ್ನು ತನ್ನ ಮನೆಯಲ್ಲೇ ಇರಿಸಿಕೊಂಡ. ಗುರುಕುಲವೆಂದು ನಾವು ಕರೆಯುವುದಕ್ಕೆ ತೀರ ಹತ್ತಿರದ ಸಂಬಂಧ ಅದು. ಮರುವರ್ಷ ಅದೇ ಅಕಾಡೆಮಿ ಸೇರಿದ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಬುಖ್‌ನ ಗೆಳೆಯನಾದ. ಆ ಗೆಳೆತನ ಅರವತ್ತು ವರ್ಷ ಉಳಿಯಿತು.

ವರ್ನರ್‌ನ ಮುಖ್ಯ ಸಿದ್ಧಾಂತ ನೀರಿನದು. ಆದಿಯಲ್ಲಿ ಭೂಮಿಯನ್ನೆಲ್ಲ ಒಂದು ಮಹಾಸಾಗರ ಮುಚ್ಚಿತ್ತು. ಅದರಲ್ಲಿ ಕರಗಿದ್ದ ದ್ರವ್ಯಗಳು ಕ್ರಮವಾಗಿ ತಳಕ್ಕಿಳಿದು ಬಂಡೆಗಳಾದವು. ಗ್ರಾನೈಟ್ ಎಲ್ಲಕ್ಕಿಂತ ಹಳೆಯದು, ಉಳಿದವು ಅದರ ಮೇಲಿನವು. ಬಸಾಲ್ಟ್ ಕೂಡ ಹಾಗೆ ನೀರಿನಲ್ಲೇ ಹುಟ್ಟಿದ್ದು. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರಿಗೆ ಬಸಾಲ್ಟಿನ ಪರಿಚಯ ಹೇಳಬೇಕಾಗಿಲ್ಲ. ಗೋಳಗುಮ್ಮಟದ ಗೋಡೆಗಳು ಎದ್ದಿರುವುದು ಆ ಕರಿಕಲ್ಲಿನಿಂದಲೇ, ಅಲ್ಲಿನ ಎರೆಮಣ್ಣು ಹುಟ್ಟಿದ್ದೂ ಅದು ಸವೆದೇ. ಅದು ಆರಿದ ಲಾವಾ ಎಂದು ಇಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ವರ್ನರ್ ಹಾಗೆಂದು ಒಪ್ಪಲಿಲ್ಲ. ಅವನ ಮಟ್ಟಿಗೆ ಜ್ವಾಲಾಮುಖಿ ಎಂದರೆ ನೆಲದಡಿಯ ಕಲ್ಲಿದ್ದಲ ಪದರಕ್ಕೆ ಬೆಂಕಿ ಹತ್ತಿ ಮೇಲಿನ ಬಂಡೆ ಕರಗಿ ಹರಿದ ಒಂದು ಸ್ಥಳೀಯ ಘಟನೆ. ಭೂಮಿಯ ದೊಡ್ಡ ಕಥೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಇದನ್ನು ಓದಿ ವರ್ನರ್ ಕಣ್ಣುಮುಚ್ಚಿ ಕೂತ ಪಂಡಿತನೆಂದು ತಿಳಿಯುವುದು ಅನ್ಯಾಯ. ಸ್ಯಾಕ್ಸನಿಯ ಷೈಬೆನ್‌ಬರ್ಗ್ ಗುಡ್ಡದಲ್ಲಿ ಅವನು ಕೆಳಗಿನ ಮರಳು ಜೇಡಿಯಾಗಿ, ಜೇಡಿ ಮೆತ್ತನೆಯ ಕಲ್ಲಾಗಿ, ಆ ಕಲ್ಲು ಬಸಾಲ್ಟಾಗಿ ಗೆರೆಯಿಲ್ಲದೆ ಬದಲಾಗುತ್ತ ಹೋದದ್ದನ್ನು ಕಂಡ. ಮರಳು ನೀರಿನದು, ಅದರೊಂದಿಗೆ ಹೀಗೆ ಬೆಸೆದುಕೊಂಡ ಬಸಾಲ್ಟ್ ಬೆಂಕಿಯದಾಗುವುದು ಹೇಗೆ? ಪ್ರಶ್ನೆ ಸಹಜವಾದದ್ದೇ. ಅವನ ತೊಂದರೆ ಇದ್ದದ್ದು ಕಣ್ಣಿನಲ್ಲಿ ಅಲ್ಲ, ನೋಡಿದ ನೆಲದ ಅಳತೆಯಲ್ಲಿ. ಉರಿಯುವ ಒಂದು ಬೆಟ್ಟವೂ ಇಲ್ಲದ ಸೀಮೆಯಲ್ಲಿ ಕೂತು ಇಡೀ ಭೂಮಿಯ ಮಾತನ್ನು ಹೇಳಿಬಿಟ್ಟ.

ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ನಮ್ಮ ದಾರ್ಶನಿಕರು ಪ್ರಮಾಣಗಳನ್ನು ಬೇರೆಬೇರೆ ಇಟ್ಟು ಚರ್ಚಿಸಿದ್ದಾರೆ. ಕಂಡದ್ದು, ಊಹಿಸಿದ್ದು, ನಂಬಿಕಸ್ತರ ಬಾಯಿಂದ ಕೇಳಿದ್ದು. ಬದುಕಿನಲ್ಲಿ ಇವು ಹಾಗೆ ಬಿಡಿಬಿಡಿಯಾಗಿ ಎದುರಾಗುವುದು ಅಪರೂಪ. ಗುರುವಿನ ಮಾತು ಶಿಷ್ಯನ ಕಣ್ಣಿನೊಳಗೇ ಕೂತಿರುತ್ತದೆ, ಏಕೆಂದರೆ ನೋಡುವುದನ್ನು ಕಲಿಸಿದವನೇ ಗುರು. ಹಾಗಿರುವಾಗ ಕಂಡದ್ದು ಕೇಳಿದ್ದಕ್ಕೆ ತಿರುಗಿಬಿದ್ದರೆ ಶಿಷ್ಯ ಯಾವುದನ್ನು ಬಿಡಬೇಕು? ಗುರುವನ್ನು ಬಿಟ್ಟರೆ ನೋಡುವ ಬಗೆಯನ್ನೇ ಬಿಟ್ಟಂತಾಗುವುದಿಲ್ಲವೇ? ಬುಖ್‌ನ ಬದುಕು ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುವುದು ಈ ಪ್ರಶ್ನೆಯ ಬಳಿ.

ಕಲಿಕೆ ಮುಗಿದ ಮೇಲೆ ಅವನು ಸೈಲೀಷಿಯಾದ ಗಣಿ ಇಲಾಖೆಯಲ್ಲಿ ಅಲ್ಪಕಾಲ ಕೆಲಸ ಮಾಡಿ 1797ರಲ್ಲಿ ಬಿಟ್ಟ. ಮನೆಯಲ್ಲಿ ಸ್ಥಿತಿಯಿತ್ತು, ಮದುವೆಯಾಗಲಿಲ್ಲ. ಉಳಿದ ಆಯುಷ್ಯವನ್ನೆಲ್ಲ ಕಾಲ್ನಡಿಗೆಗೆ ಕೊಟ್ಟ. ಕಿಸೆಗಳಲ್ಲಿ ಸುತ್ತಿಗೆ, ಟಿಪ್ಪಣಿ ಪುಸ್ತಕ, ಕಲ್ಲಿನ ಚೂರುಗಳು. ಉದ್ದನೆಯ ಕೋಟು, ಮೊಣಕಾಲಿನ ತನಕದ ಚಲ್ಲಣ, ರೇಷ್ಮೆಯ ಕಾಲುಚೀಲ. ಆಲ್ಪ್ಸ್ ಪರ್ವತವನ್ನೂ ಅದೇ ವೇಷದಲ್ಲಿ ಹತ್ತುತ್ತಿದ್ದ. ಹೇಳದೆ ಕೇಳದೆ ಹೊರಟುಬಿಡುತ್ತಿದ್ದ.

1798ರಲ್ಲಿ ಇಟಲಿಗೆ ಹೋದ. ಮರುವರ್ಷ ವೆಸೂವಿಯಸ್ ನೋಡಿದ. ರೋಮಿನ ಹತ್ತಿರದ ಗುಡ್ಡಗಳಲ್ಲೂ ವೆಸೂವಿಯಸ್ಸಿನಲ್ಲೂ ಗುರು ಹೇಳಿದ್ದ ಕಲ್ಲಿದ್ದಲ ಪದರ ಸಿಗಲಿಲ್ಲ. ಆದರೂ ಅವನು ತಟ್ಟನೆ ಪಕ್ಷ ಬದಲಿಸಲಿಲ್ಲ. ಆ ದಿನಗಳ ಅವನ ಬರಹದಲ್ಲಿ ಇರುವುದು ಗೊಂದಲ, ಕಂಡದ್ದು ಒಂದಕ್ಕೊಂದು ಹೊಂದುತ್ತಿಲ್ಲವೆಂಬ ನೋವು. ಆ ಗೊಂದಲವನ್ನು ಮುಚ್ಚಿಡದೆ ಬರೆದದ್ದನ್ನು ನಾನು ದೊಡ್ಡ ಗುಣವೆಂದೇ ಎಣಿಸುತ್ತೇನೆ. ಇಪ್ಪತ್ತೈದರ ವಯಸ್ಸಿನಲ್ಲಿ ಯಾರಿಗೂ ತಮಗೆ ತಿಳಿಯುತ್ತಿಲ್ಲ ಎಂದು ಅಚ್ಚಿನಲ್ಲಿ ಹೇಳುವುದು ಸುಲಭವಿಲ್ಲ.

1802ರಲ್ಲಿ ಫ್ರಾನ್ಸಿನ ಓವೆರ್ನ್ ಪ್ರಾಂತ. ಅಲ್ಲಿ ಆರಿಹೋದ ಜ್ವಾಲಾಮುಖಿಗಳು ಒಂದು ಸಾಲಾಗಿ ನಿಂತಿವೆ. ಬಾಯಿಗಳು ಇನ್ನೂ ದುಂಡಗೆ, ಅವುಗಳಿಂದ ಹೊರಟ ಲಾವಾದ ಹರಿವು ಕಣಿವೆಗಳಲ್ಲಿ ಇಳಿದು ಹೋದದ್ದು ಇನ್ನೂ ಸ್ಪಷ್ಟ. ಆ ಹರಿವಿನ ಜಾಡು ಹಿಡಿದು ಬಸಾಲ್ಟ್ ಲಾವಾವೇ ಎಂದು ಫ್ರಾನ್ಸಿನ ನಿಕೊಲಾ ದೆಮಾರೆ ಬಹಳ ಹಿಂದೆಯೇ ತೋರಿಸಿದ್ದ. ಬುಖ್‌ನನ್ನು ಅಲುಗಿಸಿದ್ದು ಇನ್ನೊಂದು ಸಂಗತಿ. ಆ ಬೆಟ್ಟಗಳೆಲ್ಲ ನೇರವಾಗಿ ಗ್ರಾನೈಟಿನ ಪ್ರಸ್ಥಭೂಮಿಯ ಮೇಲೆ ಕೂತಿದ್ದವು. ಗುರುವಿನ ಲೆಕ್ಕದಲ್ಲಿ ಗ್ರಾನೈಟ್ ಎಲ್ಲಕ್ಕಿಂತ ಹಳೆಯದು, ಅದರ ಕೆಳಗೆ ಕಲ್ಲಿದ್ದಲು ಇರಲಾರದು. ಬೆಂಕಿ ಮೇಲೆ ಬಂದದ್ದು ಗ್ರಾನೈಟನ್ನೂ ಸೀಳಿಕೊಂಡು. ಅಂದರೆ ಅದರ ಮನೆ ವರ್ನರ್ ತಿಳಿದದ್ದಕ್ಕಿಂತ ಬಹಳ ಆಳದಲ್ಲಿದೆ.

ಬುಖ್ ಒಪ್ಪಿದ. ಆದರೆ ಒಪ್ಪಿದ ರೀತಿ ನೋಡಿ: ಓವೆರ್ನಿನ ಬಸಾಲ್ಟ್ ಬೆಂಕಿಯದು ನಿಜ, ಹಾಗೆಂದು ಸ್ಯಾಕ್ಸನಿಯ ಬಸಾಲ್ಟೂ ಬೆಂಕಿಯದೆಂದು ಹೇಳಲಾಗದು! ಒಂದೇ ಕಲ್ಲು, ಒಂದೇ ಬಣ್ಣ, ಒಂದೇ ಬಗೆಯ ಕಂಬಗಳು; ಪರದೇಶದಲ್ಲಿ ಅದು ಬೆಂಕಿಯ ಮಗು, ಗುರುವಿನ ಊರಿನಲ್ಲಿ ನೀರಿನ ಮಗು. ತರ್ಕಕ್ಕೆ ಇದು ನಿಲ್ಲುವುದಿಲ್ಲ. ಮನಸ್ಸು ನಡೆಯುವುದು ಮಾತ್ರ ಹೀಗೆಯೇ ಎಂದು ನನಗೆ ತೋರುತ್ತದೆ. ಸತ್ಯವನ್ನು ನಾವು ಮೊದಲು ದೂರದ ಊರಿನಲ್ಲಿ ಒಪ್ಪಿಕೊಳ್ಳುತ್ತೇವೆ. ಬೇರೆಯವರ ಆಚಾರದ ತಪ್ಪು ಬೇಗ ಕಾಣುತ್ತದೆ, ಬೇರೆ ನಾಡಿನ ಚರಿತ್ರೆಯ ಸುಳ್ಳು ಸುಲಭವಾಗಿ ಬಯಲಾಗುತ್ತದೆ. ಅದೇ ಸತ್ಯ ನಮ್ಮ ಹೊಸ್ತಿಲು ದಾಟಿ ಒಳಗೆ ಬರಲು ವರ್ಷಗಳು ಬೇಕು. ಬುಖ್‌ಗೂ ಬೇಕಾದವು. ಆ ನಡುವೆ 1805ರಲ್ಲಿ ಹಂಬೋಲ್ಟ್ ಮತ್ತು ಫ್ರೆಂಚ್ ವಿಜ್ಞಾನಿ ಗೇ-ಲುಸ್ಸಾಕ್ ಜೊತೆಗೆ ವೆಸೂವಿಯಸ್ ಉಗುಳುವುದನ್ನು ಕಣ್ಣಾರೆ ಕಂಡ. 1806ರಿಂದ 1808ರ ತನಕ ನಾರ್ವೆ, ಲ್ಯಾಪ್‌ಲ್ಯಾಂಡ್ ಸುತ್ತಿದ. ಇಂದಿನ ಓಸ್ಲೋದ ಸುತ್ತಮುತ್ತ ಪಳೆಯುಳಿಕೆ ತುಂಬಿದ ಸುಣ್ಣಕಲ್ಲಿನ ಮೇಲೆ ಗ್ರಾನೈಟ್ ಕೂತಿರುವುದನ್ನು ಕಂಡ. ಎಲ್ಲಕ್ಕಿಂತ ಹಳೆಯದೆನಿಸಿಕೊಂಡದ್ದು ಒಂದು ಕಾಲದ ಜೀವಿಗಳ ಗೋರಿಯ ಮೇಲೆ ಇತ್ತು. ಅಲ್ಲಿಗೆ ಗುರುವಿನ ಕಟ್ಟಡದ ಅಡಿಗಲ್ಲೇ ಸರಿದಿತ್ತು. ವರ್ನರ್ 1817ರಲ್ಲಿ ತೀರಿಕೊಂಡ.

ಉತ್ತರದ ಆ ಪ್ರವಾಸದಲ್ಲೇ ಬುಖ್ ಇನ್ನೊಂದನ್ನು ಗಮನಿಸಿದ. ಸ್ವೀಡನ್ನಿನ ಕಡಲ ದಂಡೆಯುದ್ದಕ್ಕೂ ಜನ ಸಮುದ್ರ ಹಿಂದೆ ಸರಿಯುತ್ತಿದೆ ಎನ್ನುತ್ತಿದ್ದರು. ಸಮುದ್ರ ಇಳಿದರೆ ಎಲ್ಲೆಡೆಯೂ ಇಳಿಯಬೇಕು. ಅಲ್ಲಿ ಮಾತ್ರ ಇಳಿಯಲಾರದು. ಆದ್ದರಿಂದ ಏಳುತ್ತಿರುವುದು ನೆಲ ಎಂದು ಅವನು ಹೇಳಿದ. ಇದು ಅಪ್ಪಟ ನಿಜ. ಆ ನೆಲ ಇಂದಿಗೂ ಏಳುತ್ತಿದೆ. ಸಾವಿರಾರು ವರ್ಷಗಳ ಹಿಂದೆ ಅದನ್ನು ಅದುಮಿ ಹಿಡಿದಿದ್ದ ಹಿಮದ ಭಾರ ಕರಗಿಹೋದದ್ದೇ ಕಾರಣ. ಹಿಮದ ಆ ಸಂಗತಿ ಬುಖ್‌ಗೆ ಗೊತ್ತಾಗಲಿಲ್ಲ. ಮುಂದೆ ಲೂಯಿ ಅಗಾಸಿ ಹಿಮಯುಗದ ಮಾತೆತ್ತಿದಾಗ ಅವನು ಬಲವಾಗಿ ವಿರೋಧಿಸಿದ. ಆದರೆ ಘನವಾದ ನೆಲ ಏಳಬಲ್ಲದು ಎಂಬ ತಿಳಿವು ಅವನೊಳಗೆ ಬೇರೂರಿತು.

ಆ ತಿಳಿವನ್ನು ಹೊತ್ತುಕೊಂಡೇ 1815ರಲ್ಲಿ ಅವನು ನಾರ್ವೆಯ ಸಸ್ಯವಿಜ್ಞಾನಿ ಕ್ರಿಸ್ಟನ್ ಸ್ಮಿತ್ ಜೊತೆ ಕ್ಯಾನರಿ ದ್ವೀಪಗಳಿಗೆ ಹೋದ. ಹದಿನಾರು ವರ್ಷಗಳ ಹಿಂದೆ ಹಂಬೋಲ್ಟ್ ಅಮೆರಿಕಕ್ಕೆ ಹೋಗುವ ದಾರಿಯಲ್ಲಿ ಹತ್ತಿದ್ದ ಟೆನೆರಿಫೆಯ ಟೈಡೆ ಶಿಖರವನ್ನು ಇವರೂ ಹತ್ತಿದರು. ಲಾ ಪಾಲ್ಮಾ ದ್ವೀಪದಲ್ಲಿ ಒಂದು ಬೃಹತ್ ಬೋಗುಣಿಯಂಥ ತಗ್ಗು. ಸುತ್ತಲಿನ ಗೋಡೆಯ ಅತ್ಯುನ್ನತ ತುದಿ 2,426 ಮೀಟರ್. ಗೋಡೆಗಳು ನೆಟ್ಟಗೆ ಕೆಳಗಿಳಿಯುತ್ತವೆ. ನೈಋತ್ಯದಲ್ಲಿ ಮಾತ್ರ ಒಂದು ಆಳವಾದ ಕೊರಕಲು ಅದನ್ನು ಕಡಲ ಕಡೆಗೆ ತೆರೆಯುತ್ತದೆ. ಊರವರು ಅದನ್ನು ಕ್ಯಾಲ್ಡೆರಾ ಎನ್ನುತ್ತಿದ್ದರು. ಇಂದು ಜ್ವಾಲಾಮುಖಿಗಳ ಬಗ್ಗೆ ಓದುವವರೆಲ್ಲ ಬಳಸುವ ಆ ಪದ ವಿಜ್ಞಾನಕ್ಕೆ ಬಂದದ್ದು ಬುಖ್‌ನ ಪುಸ್ತಕದ ಮೂಲಕ.

ಆ ಗೋಡೆಗಳಲ್ಲಿ ಅವನು ಲಾವಾ ಮತ್ತು ಬೂದಿಯ ಪದರಗಳು ಒಂದರ ಮೇಲೊಂದು ಹೊರಮುಖವಾಗಿ ಇಳಿಜಾರಾಗಿರುವುದನ್ನು ಕಂಡ. ದ್ರವವಾದ ಲಾವಾ ಇಳಿಜಾರಿನಲ್ಲಿ ನಿಲ್ಲದೆ ಜಾರಿಹೋಗುತ್ತದೆ. ಇಷ್ಟು ದಪ್ಪನಾಗಿ, ಇಷ್ಟು ಅಗಲವಾಗಿ ಹರಡಿ ಗಟ್ಟಿಯಾಗಬೇಕಾದರೆ ಅದು ಸಮತಟ್ಟಾದ ತಳದ ಮೇಲೇ ಆಗಿರಬೇಕು. ಹಾಗಾದರೆ ಈ ಪದರಗಳು ಮೊದಲು ಕಡಲ ತಳದಲ್ಲಿ ಚಪ್ಪಟೆಯಾಗಿ ಮಲಗಿದ್ದವು, ಆಮೇಲೆ ಒಳಗಿನ ಆವಿಯ ಒತ್ತಡ ಅವನ್ನು ಒಮ್ಮೆಗೇ ಮೇಲೆತ್ತಿತು. ಹಂಚಿನ ಮೇಲಿನ ರೊಟ್ಟಿ ಉಬ್ಬಿ ನೆತ್ತಿಯಲ್ಲಿ ಬಿರಿಯುವಂತೆ ನೆಲ ಉಬ್ಬಿ ಬಿರಿಯಿತು. ಬಿರಿದ ಬಾಯಿಯೇ ಕ್ಯಾಲ್ಡೆರಾ, ಬಿರುಕೇ ಆ ಕೊರಕಲು. ಇದು ಅವನ ಪ್ರಸಿದ್ಧ ಸಿದ್ಧಾಂತ: ದೊಡ್ಡ ಜ್ವಾಲಾಮುಖಿಗಳು ಉಗುಳಿ ಉಗುಳಿ ಬೆಳೆದವಲ್ಲ, ಎತ್ತಲ್ಪಟ್ಟವು. 1759ರಲ್ಲಿ ಮೆಕ್ಸಿಕೊದ ಹೊಲಗಳ ನಡುವೆ ಹುಟ್ಟಿದ ಹೊರುಯೊ ಜ್ವಾಲಾಮುಖಿಯ ಸುತ್ತಲಿನ ನೆಲ ಉಬ್ಬಿದ್ದೆಂದು ಹಂಬೋಲ್ಟ್ ಬರೆದದ್ದು ಇದಕ್ಕೆ ಬಲ ಕೊಟ್ಟಿತು. ಫ್ರಾನ್ಸಿನ ಎಲಿ ದ ಬೋಮಾಂ ಬೆಂಬಲಕ್ಕೆ ನಿಂತ. ಯುರೋಪಿನ ದೊಡ್ಡ ದೊಡ್ಡ ಹೆಸರುಗಳೆಲ್ಲ ಒಂದು ಕಡೆಗಾದವು.

ಎದುರು ಮಾತೂ ಬೇಗ ಎದ್ದಿತು. ಇಂಗ್ಲೆಂಡಿನ ಜಾರ್ಜ್ ಪೌಲೆಟ್ ಸ್ಕ್ರೋಪ್ ಮತ್ತು ಚಾರ್ಲ್ಸ್ ಲಯೆಲ್, ಫ್ರಾನ್ಸಿನ ಕಾನ್ಸ್ಟಾಂಟ್ ಪ್ರೆವೋ ಒಪ್ಪಲಿಲ್ಲ. ಬೆಟ್ಟ ಉಬ್ಬಿ ಬಿರಿದಿದ್ದರೆ ಸುತ್ತಲೂ ನಕ್ಷತ್ರದ ಕಿರಣಗಳಂತೆ ಬಿರುಕುಗಳಿರಬೇಕು, ಅವು ನಡುವಿನ ಕಡೆಗೆ ಅಗಲವಾಗುತ್ತ ಹೋಗಬೇಕು, ಎಲ್ಲಿವೆ? 1831ರಲ್ಲಿ ಸಿಸಿಲಿಯ ದಕ್ಷಿಣದ ಕಡಲಿನಲ್ಲಿ ಹೊಸ ದ್ವೀಪವೊಂದು ತಲೆಯೆತ್ತಿದಾಗ ಪ್ರೆವೋ ಅದರ ಮೇಲೆ ಕಾಲಿಟ್ಟು ನೋಡಿದ. ಕಡಲ ತಳ ಎದ್ದು ಬಂದ ಗುರುತು ಇರಲಿಲ್ಲ. ಎಸೆದ ಬೂದಿ, ಕಿಟ್ಟದ ರಾಶಿ ಅದು. ಕೆಲವೇ ತಿಂಗಳಲ್ಲಿ ಅಲೆಗಳು ಅದನ್ನು ತೊಳೆದುಕೊಂಡು ಹೋದವು. ಬುಖ್ ಅಲುಗಲಿಲ್ಲ.

ಅವನ ಕ್ಯಾಲ್ಡೆರಾದ ಬಗ್ಗೆ ಇಂದಿನ ತಿಳಿವಳಿಕೆ ಬೇರೆಯೇ. ಅದು ಉಬ್ಬಿ ಬಿರಿದದ್ದೂ ಅಲ್ಲ, ಇಂದು ಆ ಪದಕ್ಕೆ ನಾವು ಕೊಡುವ ಅರ್ಥದಲ್ಲಿ ಒಳಕ್ಕೆ ಕುಸಿದ ಜ್ವಾಲಾಮುಖಿಯ ಬಾಯಿಯೂ ಅಲ್ಲ. ಉಗುಳಿ ಉಗುಳಿ ಎತ್ತರಕ್ಕೆ ಬೆಳೆದ ಬೆಟ್ಟದ ಒಂದು ಬದಿ ಭಾರಕ್ಕೆ ಕಡಲಿಗೆ ಜಾರಿತು. ಆ ಗಾಯವನ್ನು ಮಳೆ, ಹೊಳೆ ಲಕ್ಷಾಂತರ ವರ್ಷ ಕೊರೆದು ಆಳ ಮಾಡಿದವು. ಬಿರುಕೆಂದು ಅವನು ತಿಳಿದ ಕೊರಕಲಿನಲ್ಲಿ ಹರಿಯುವ ನೀರೇ ಅದನ್ನು ಕಡಿದದ್ದು. ಇಲ್ಲಿ ನಾನು ಬಹಳ ಹೊತ್ತು ನಿಲ್ಲುತ್ತೇನೆ. ಗುರುವಿನ ನೀರನ್ನು ಬಿಟ್ಟು ಬೆಂಕಿಯ ಕಡೆಗೆ ಬರಲು ಹತ್ತು ವರ್ಷ ನಡೆದವನಿಗೆ, ನೀರು ಎದುರಿಗೇ ಕೆಲಸ ಮಾಡುತ್ತಿದ್ದಾಗ ಅದು ಕಾಣಲಿಲ್ಲ. ಅವನು ವರ್ನರ್‌ನ ಸಾಗರವನ್ನು ಬಿಟ್ಟಿದ್ದ, ವರ್ನರ್‌ನ ಆಸೆಯನ್ನು ಬಿಟ್ಟಿರಲಿಲ್ಲ. ಎಲ್ಲಕ್ಕೂ ಒಂದೇ ಕಾರಣ ಬೇಕೆಂಬ ಆಸೆ ಅದು. ಗುರುವಿನಿಂದ ಬಂದದ್ದರಲ್ಲಿ ಸಿದ್ಧಾಂತಕ್ಕಿಂತ ಆಳದಲ್ಲಿ ಇಳಿದಿದ್ದದ್ದು ಅದೇ ಇರಬೇಕು.

ಓವೆರ್ನಿನಲ್ಲಿ ತೆರೆದ ಕಣ್ಣು ಲಾ ಪಾಲ್ಮಾದಲ್ಲಿ ಏಕೆ ತೆರೆಯಲಿಲ್ಲ? ವಯಸ್ಸು ಕಾರಣವೆನ್ನಲು ಬರುವುದಿಲ್ಲ. 1815ರಲ್ಲಿ ಅವನಿಗೆ ನಲವತ್ತೊಂದು. ಸೋಮಾರಿತನವಂತೂ ಅವನ ಹತ್ತಿರ ಸುಳಿಯಲಿಲ್ಲ. 1826ರಲ್ಲಿ ಜರ್ಮನಿಯ ಭೂವೈಜ್ಞಾನಿಕ ನಕ್ಷೆಯನ್ನು 42 ಹಾಳೆಗಳಲ್ಲಿ ತಂದ. ಯಾವ ಪಳೆಯುಳಿಕೆ ಕಂಡರೆ ಯಾವ ಕಾಲದ ಪದರವೆಂದು ಗುರುತಿಸುವ ಕ್ರಮವನ್ನು ಗಟ್ಟಿಗೊಳಿಸಿದ, ಜರ್ಮನಿಯ ಜುರಾಸಿಕ್ ಬಂಡೆಗಳನ್ನು ಕಪ್ಪು, ಕಂದು, ಬಿಳಿ ಎಂದು ವಿಂಗಡಿಸಿದ. ಅಂಥವನ ನೋಟಕ್ಕೆ ಅಡ್ಡ ಬಂದದ್ದು ಬೇರೇನೋ. ನನಗೆ ಅನಿಸುವುದು ಇಷ್ಟು: ಓವೆರ್ನಿನಲ್ಲಿ ಅವನು ಕಳೆದುಕೊಳ್ಳಬೇಕಾಗಿದ್ದದ್ದು ಇನ್ನೊಬ್ಬರ ಮಾತನ್ನು. ಆ ಇನ್ನೊಬ್ಬ ಎಷ್ಟೇ ಪ್ರೀತಿಯವನಾಗಿರಲಿ, ಮಾತು ತನ್ನದಲ್ಲ. ಲಾ ಪಾಲ್ಮಾದಲ್ಲಿ ಮಾತು ತನ್ನದಾಗಿತ್ತು. ನಾವು ಗುರುಭಕ್ತಿಯೇ ಸತ್ಯಕ್ಕೆ ಅಡ್ಡಿಯೆಂದು ಬಗೆಯುತ್ತೇವೆ. ಗುರುವಿನ ಮಾತು ಮುರಿಯುವ ಸಂಕಟವನ್ನಾದರೂ ಬುಖ್ ದಾಟಿದ. ತನ್ನ ಮಾತಿನೆದುರು ಬೆಟ್ಟದ ಸಾಕ್ಷಿಗೆ ಬೆಲೆ ಸಿಗಲಿಲ್ಲ.

ಆದರೂ ಅವನ ಮಾತಿನಲ್ಲಿ ಒಂದು ಎಳೆ ನಿಜವಿತ್ತು, ಅದನ್ನು ಹೇಳದಿದ್ದರೆ ತಪ್ಪಾದೀತು. ನೇಪಲ್ಸಿನ ಹತ್ತಿರದ ಪೊಜ್ಜುವೊಲಿಯಲ್ಲಿ 1538ರಲ್ಲಿ ಮೊಂಟೆ ನುವೊವೊ ಹುಟ್ಟುವ ಮೊದಲು ದಂಡೆಯ ನೆಲ ಎದ್ದು ಕಡಲು ಹಿಂದೆ ಸರಿದಿತ್ತು. ಬುಖ್ ಆ ಗುಡ್ಡವೇ ಎದ್ದದ್ದೆಂದ. ಗುಡ್ಡ ಬೂದಿ ಕಲ್ಲುಗಳ ರಾಶಿ, ಆದರೆ ನೆಲ ಎದ್ದದ್ದು ಸುಳ್ಳಲ್ಲ. 1982ರಿಂದ 1984ರ ನಡುವೆ ಅದೇ ಪಟ್ಟಣ ಸುಮಾರು 1.8 ಮೀಟರ್ ಮೇಲೆ ಬಂದಿತು. 2021ರ ಸೆಪ್ಟೆಂಬರಿನಲ್ಲಿ ಲಾ ಪಾಲ್ಮಾದ ದಕ್ಷಿಣ ಭಾಗ ಉಗುಳುವ ಮುನ್ನ ನೆಲ ಉಬ್ಬಿದ್ದನ್ನು ಉಪಗ್ರಹಗಳೂ ಉಪಕರಣಗಳೂ ಅಳೆದವು. ಒಳಗೆ ಶಿಲಾಪಾಕ ಏರಿದಂತೆ ನೆಲ ಉಬ್ಬುತ್ತದೆ, ಸಾಮಾನ್ಯವಾಗಿ ಸೆಂಟಿಮೀಟರುಗಳ ಲೆಕ್ಕದಲ್ಲಿ, ಅಪರೂಪಕ್ಕೆ ಮೀಟರಿನ ಲೆಕ್ಕದಲ್ಲಿ. ಬೆಟ್ಟವನ್ನು ಬೆಳೆಸುವುದು ಹೊರಬಿದ್ದ ಲಾವಾ ಮತ್ತು ಬೂದಿ. ಆ ಉಬ್ಬನ್ನು ಗಮನಿಸುವುದರಿಂದಲೂ ಇಂದು ಊರುಗಳನ್ನು ಮೊದಲೇ ಖಾಲಿ ಮಾಡಿಸಲು ಆಗುತ್ತಿದೆ.

ಕ್ಯಾನರಿ ದ್ವೀಪಗಳ ಮೇಲಿನ ಅವನ ಪುಸ್ತಕ 1825ರಲ್ಲಿ ಬಂತು. ಅದರಲ್ಲಿ ನನಗೆ ಅಮೂಲ್ಯವೆನಿಸುವ ಎರಡು ಸಂಗತಿಗಳು ಸಿದ್ಧಾಂತಕ್ಕೆ ಸೇರಿದವಲ್ಲ. ಲಾಂಜರೋಟೆ ದ್ವೀಪದಲ್ಲಿ 1730ರ ಸೆಪ್ಟೆಂಬರ್ 1ರ ರಾತ್ರಿ ಟಿಮಾನ್‌ಫಾಯಾ ಎಂಬ ಹಳ್ಳಿಯ ಹತ್ತಿರ ನೆಲ ಬಾಯಿ ತೆರೆಯಿತು. ಉಗುಳು ನಿಂತದ್ದು 1736ರಲ್ಲಿ. ಹಳ್ಳಿಗಳು ಒಂದೊಂದಾಗಿ ಮುಚ್ಚಿಹೋದವು, ದನಕರುಗಳು ವಿಷದ ಹೊಗೆಗೆ ಬಿದ್ದು ಸತ್ತವು, ಕಡಲ ದಂಡೆಗೆ ಸತ್ತ ಮೀನುಗಳು ಬಂದು ಬಿದ್ದವು. ಹತ್ತಿರದ ಯಾಯ್ಸಾ ಊರಿನ ಪಾದ್ರಿ ಆಂದ್ರೆಸ್ ಲೊರೆಂಜೊ ಕುರ್ಬೆಲೊ 1731ರ ಕೊನೆಯಲ್ಲಿ ತನ್ನ ಜನರೊಂದಿಗೆ ದ್ವೀಪ ಬಿಡುವ ತನಕ ಇದನ್ನೆಲ್ಲ ದಿನಾಂಕ ಹಾಕಿ ಬರೆದಿಟ್ಟ. ಬುಖ್ ಆ ಬರಹವನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಂಡ. ಆಮೇಲೆ ಮೂಲ ಪ್ರತಿ ಕಣ್ಮರೆಯಾಯಿತು. ಆ ಪಾದ್ರಿಯ ಮಾತು ಜಗತ್ತಿಗೆ ದಕ್ಕಿದ್ದು ಬುಖ್‌ನ ಪುಟಗಳಿಂದ. ವಿದ್ವಾಂಸನಲ್ಲದ ಒಬ್ಬ ಹಳ್ಳಿಯ ಪುರೋಹಿತನ ಸಾಕ್ಷಿಗೆ ಅವನು ತನ್ನ ಹೊತ್ತಗೆಯಲ್ಲಿ ಅಷ್ಟು ಜಾಗ ಕೊಟ್ಟನಲ್ಲ, ಅದಕ್ಕೆ ನಾನು ಕೈಮುಗಿಯುತ್ತೇನೆ.

ಇನ್ನೊಂದು ಗಿಡಮರಗಳ ವಿಚಾರ. ಸ್ಮಿತ್ ಕ್ಯಾನರಿ ಪ್ರವಾಸದ ಮರುವರ್ಷವೇ ಆಫ್ರಿಕದ ಕಾಂಗೋ ನದಿಯ ಶೋಧಯಾತ್ರೆಯಲ್ಲಿ ತೀರಿಕೊಂಡ. ಇಬ್ಬರೂ ಕೂಡಿ ನೋಡಿದ್ದ ಸಸ್ಯಗಳ ಬಗ್ಗೆ ಬರೆಯುವುದು ಬುಖ್‌ನ ಪಾಲಿಗೆ ಬಂತು. ದ್ವೀಪದ ಕಣಿವೆಗಳಲ್ಲಿ ಒಂದರಿಂದೊಂದು ದೂರವಾಗಿ ಬೆಳೆದ ಗಿಡಗಳು ಮೊದಲು ಬಗೆಗಳಾಗಿ, ಬರಬರುತ್ತ ಒಂದರೊಡನೊಂದು ಕೂಡದಷ್ಟು ಬೇರೆಯಾದ ಸ್ಥಿರ ಜಾತಿಗಳಾಗುತ್ತವೆ ಎಂದು ಅವನು ಹೇಳಿದ. ಡಾರ್ವಿನ್ ತನ್ನ ‘ಆರಿಜಿನ್ ಆಫ್ ಸ್ಪೀಷೀಸ್’ಗೆ ಸೇರಿಸಿದ ಹಿಂದಿನವರ ನೆನಕೆಯಲ್ಲಿ ಈ ಮಾತಿಗಾಗಿ ಬುಖ್‌ನ ಹೆಸರು ಹೇಳಿದ್ದಾನೆ. ಗಿಡಗಳ ವಿಷಯದಲ್ಲಿ ಬುಖ್‌ಗೆ ಗೆಲ್ಲಬೇಕಾದ ವಾದವಿರಲಿಲ್ಲ, ಕಾಯಬೇಕಾದ ಹೆಸರಿರಲಿಲ್ಲ. ಅಲ್ಲಿ ಅವನು ಮತ್ತೆ ಓವೆರ್ನಿನ ದಿನಗಳ ಹುಡುಗನಾಗಿದ್ದ.

1848ರಲ್ಲಿ ಜರ್ಮನ್ ಭೂವೈಜ್ಞಾನಿಕ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷ ಬುಖ್‌ನೇ. ಎಪ್ಪತ್ತೆಂಟು ಮುಟ್ಟಿದ ಮೇಲೂ ಅವನು ಒಮ್ಮೆ ಓವೆರ್ನಿಗೆ ಹೋಗಿಬಂದ. ಅರ್ಧ ಶತಮಾನದ ಹಿಂದೆ ಗುರುವಿನ ಮಾತು ಕೈಜಾರಿದ ಅದೇ ಗ್ರಾನೈಟಿನ ಮೇಲೆ, ಅದೇ ಬೆಟ್ಟಗಳ ನಡುವೆ ಮತ್ತೆ ನಡೆದ. 1853ರ ಮಾರ್ಚ್ 4ರಂದು ಬರ್ಲಿನ್ನಿನಲ್ಲಿ ತೀರಿಕೊಂಡ. ತನ್ನ ಸಿದ್ಧಾಂತವನ್ನು ಬಿಟ್ಟಿರಲಿಲ್ಲ.

ಮರುವರ್ಷ ಲಯೆಲ್ ಲಾ ಪಾಲ್ಮಾಕ್ಕೆ ಬಂದ. ಜೊತೆಗೆ ಜರ್ಮನಿಯವನೇ ಆದ ಗೇಯೋರ್ಗ್ ಹಾರ್ಟುಂಗ್. ಇಬ್ಬರೂ ಕ್ಯಾಲ್ಡೆರಾಕ್ಕೆ ಇಳಿದು ಪದರಗಳನ್ನು, ಕೊರಕಲನ್ನು ಪರೀಕ್ಷಿಸಿದರು. ಆಮೇಲೆ ಲಯೆಲ್ ಎಟ್ನಾ ಜ್ವಾಲಾಮುಖಿಗೆ ಹೋಗಿ, ಲಾವಾ ಕಡಿದಾದ ಇಳಿಜಾರಿನಲ್ಲೂ ದಪ್ಪ ಹಾಸಾಗಿ ಗಟ್ಟಿಯಾಗಬಲ್ಲದೆಂದು 1858ರಲ್ಲಿ ಪ್ರಕಟಿಸಿದ. ಬುಖ್‌ನ ವಾದ ನಿಂತಿದ್ದ ಕಂಬ ಅಲ್ಲಿಗೆ ಮುರಿಯಿತು. ಪೂರ್ವಪಕ್ಷವನ್ನು ಚೆನ್ನಾಗಿ ಕಟ್ಟದೆ ಸಿದ್ಧಾಂತಕ್ಕೆ ಬಲವಿಲ್ಲವೆಂದು ನಮ್ಮ ವಾದಪರಂಪರೆ ತಿಳಿದಿತ್ತು. ಲಯೆಲ್‌ಗೆ ಯಾವ ದ್ವೀಪಕ್ಕೆ ಹೋಗಬೇಕು, ಯಾವ ಗೋಡೆಯೆದುರು ನಿಲ್ಲಬೇಕು, ಯಾವ ಪದರದ ಇಳಿಜಾರನ್ನು ಅಳೆಯಬೇಕು ಎಂಬುದೆಲ್ಲ ಮೊದಲೇ ಗೊತ್ತಿತ್ತು. ಬುಖ್ ಅವನ್ನೆಲ್ಲ ನಡೆದು, ನೋಡಿ, ಯಾರು ಬೇಕಾದರೂ ಪರೀಕ್ಷಿಸಬಹುದಾದಷ್ಟು ವಿವರವಾಗಿ ಬರೆದಿಟ್ಟಿದ್ದ.